ಗಣಿತದ ನೋಟ್‌ಬುಕ್ಕಿನ ಬೈಂಡ್ ಮೇಲಿದ್ದ ಹುಡುಗಿ

ನಾನು ಐದನೇ ಕ್ಲಾಸಲ್ಲಿದ್ದಾಗ ನನ್ನ ಗಣಿತದ ನೋಟ್‌ಬುಕ್ಕಿನ ಬೈಂಡ್ ಮೇಲೆ ಬ್ಯಾಲೆ ಅನ್ನೋ ಪಾಶ್ಚಾತ್ಯ ನೃತ್ಯ ಆಡೋ ಒಬ್ಬಳು ಹುಡುಗಿ ಇದ್ದಳು. ಅದು ಎಂಬತ್ತರ ದಶಕ, ಅಪ್ಪ ನಾಪೋಕ್ಲು ಹತ್ರ ಒಂದು ಪ್ರೈಮರಿ ಸ್ಕೂಲಲ್ಲಿ ಮೇಷ್ಟ್ರು, ಮನೆಗೆ ಸೋವಿಯತ್ ಸರ್ಕಾರದ ಕಡೆಯಿಂದ ಬರ್ತಿದ್ದ ಸೋವಿಯತ್ ಲ್ಯಾಂಡ್ ಪತ್ರಿಕೆ ಬರ್ತಿತ್ತು, ಅದರ ಪೇಪರ್ ಎಷ್ಟು ನುಣುಪು ಎಷ್ಟು ಗಟ್ಟಿ ಅಂದ್ರೆ ಕೊಡಗಿನ ಮಳೇಲಿ ಮೂರು ತಿಂಗಳು ಬ್ಯಾಗಲ್ಲಿ ಓಡಾಡಿದ್ರೂ ಬೈಂಡ್ ಹರೀತಿರಲಿಲ್ಲ. ಜೂನಲ್ಲಿ ಸ್ಕೂಲ್ ಶುರುವಾಗೋ ವಾರ ಅಪ್ಪ ಹಳೇ ಸಂಚಿಕೆಗಳ ಕಟ್ಟು ಬಿಚ್ಚಿ, ಪಿನ್ನು ತೆಗೆದು, ನಡೂಮನೇಲಿ ಹಾಳೆ ಹರಡೋರು. ತಮ್ಮ ರಾಕೆಟ್ಟು ಟ್ರ್ಯಾಕ್ಟರ್ ಇರೋದನ್ನ ಎಳ್ಕೊಳ್ತಿದ್ದ. ನನಗೆ ಸಿಕ್ಕಿದ್ದು ಬಿಳೀ ಫ್ರಾಕಿನ ಈ ಹುಡುಗಿ, ಒಂದು ಕಾಲಿನ ಬೆರಳ ತುದೀಲಿ ನಿಂತಿದ್ಳು, ಕೈ ಎರಡೂ ಹಿಂದಕ್ಕೆ ರೆಕ್ಕೆ ಥರ. ಭಾಗಾಕಾರ ಬರದೇ ಇದ್ದಾಗೆಲ್ಲ ನಾನು ಪುಸ್ತಕ ಮುಚ್ಚಿ ಅವಳನ್ನ ನೋಡ್ತಿದ್ದೆ.

ಇವಳು ಯಾರಪ್ಪ ಅಂತ ಕೇಳಿದ್ದಕ್ಕೆ ಅಪ್ಪ ಹೇಳಿದ್ದು "ರಷ್ಯಾದ ಡ್ಯಾನ್ಸ್ ಕಂಪನಿಯವಳು ಮಗಾ, ಊರೂರಿಗೆ ಹೋಗಿ ಆಡ್ತಾರೆ."

ಕಂಪನಿ ಅನ್ನೋ ಪದ ಅಪ್ಪನ ಬಾಯಲ್ಲಿ ಬಂದ್ರೆ ಅದಕ್ಕೆ ಒಂದೇ ಅರ್ಥ. ಅವರು ಗುಬ್ಬಿ ಕಡೆಯವರು, ನೌಕರಿ ಸಿಕ್ಕಿ ಕೊಡಗಿಗೆ ಬಂದು ಇಲ್ಲೇ ಉಳಿದೋರು, ಕಂಪನಿ ಅಂದ್ರೆ ಅವರಿಗೆ ಗುಬ್ಬಿ ಕಂಪನಿ. 1884ರಲ್ಲಿ ಶುರುವಾದ ಕಂಪನಿ, ಚಿಕ್ಕ ಹುಡುಗ ಆಗಿದ್ದಾಗಲೇ ಅದರೊಳಗೆ ಬಂದ ವೀರಣ್ಣನವರು ಮುಂದೆ ಅದಕ್ಕೆ ಯಜಮಾನರಾದ್ರು, ಕುರುಕ್ಷೇತ್ರ ನಾಟಕಕ್ಕೆ ಸ್ಟೇಜ್ ಮೇಲೆ ನಿಜವಾದ ಆನೆ ಕುದುರೆ ತಂದ್ರು, ಇದೆಲ್ಲ ನಾವು ರಾತ್ರಿ ಊಟದ ಜೊತೆ ಕೇಳಿ ಬೆಳೆದ ಕತೆ. ಕ್ಯಾಂಪ್ ಎಲ್ಲಿ ಬಿತ್ತು, ಕಲೆಕ್ಷನ್ ಎಷ್ಟಾಯ್ತು, ಮಳೆ ಬಂದು ಹೆಂಗೆ ಲಾಸ್ ಆಯ್ತು. ಹಾಗಾಗಿ ನನ್ನ ತಲೇಲಿ ಆ ಬಿಳೀ ಫ್ರಾಕಿನ ಹುಡುಗಿನೂ ಒಂದು ಡೇರೆ ಹಿಂದೆ ಟ್ರಂಕ್ ಮೇಲೆ ಕೂತು ಬಣ್ಣ ಹಚ್ಕೊಳ್ತಿದ್ಳು. ಈಗ ಮಗಳು ಮಡಿಕೇರೀಲಿ ಭರತನಾಟ್ಯ ಕ್ಲಾಸಿಗೆ ಸೇರಿದ ಮೇಲೆ, ಅವಳನ್ನ ಬಿಟ್ಟು ಹೊರಗೆ ಬೆಂಚ್ ಮೇಲೆ ಕಾಯೋ ಒಂದೊಂದು ಗಂಟೇಲಿ ಫೋನಲ್ಲಿ ಈ ರಷ್ಯನ್ ಕಂಪನಿಗಳ ಬಗ್ಗೆ ಓದೋಕೆ ಶುರು ಮಾಡಿದೆ, ಎರಡು ವರ್ಷ ಆಯ್ತು. ಅಪ್ಪ ಹೇಳಿದ್ದು ಅಕ್ಷರಶಃ ಸರಿ. ಅವು ಕಂಪನಿಗಳೇ.

ಸೆರ್ಗೇ ಡಿಯಾಗಿಲೆವ್ ಅನ್ನೋ ಮನುಷ್ಯನಿಂದ ಶುರು ಮಾಡ್ಬೇಕು. ಅವನು ಡ್ಯಾನ್ಸರ್ ಅಲ್ಲ, ಹೆಸರು ಮಾಡಿದ ಸಂಗೀತಗಾರ ಅಲ್ಲ, ಪೇಂಟರ್ ಕೂಡ ಅಲ್ಲ, ಆದ್ರೆ ಯಾರಲ್ಲಿ ಏನಿದೆ ಅಂತ ನೋಡಿದ ತಕ್ಷಣ ಗೊತ್ತಾಗೋ ಕಣ್ಣು, ಸಾಲ ಮಾಡೋ ಧೈರ್ಯ, ಎರಡೂ ಇತ್ತು. ಪೀಟರ್ಸ್‌ಬರ್ಗ್ ಮತ್ತೆ ಮಾಸ್ಕೋದ ಸರ್ಕಾರಿ ಥಿಯೇಟರುಗಳಿಗೆ ರಜೆ ಇದ್ದಾಗ ಅಲ್ಲಿನ ಡ್ಯಾನ್ಸರುಗಳನ್ನ ಕರ್ಕೊಂಡು 1909ರ ಮೇನಲ್ಲಿ ಪ್ಯಾರಿಸ್ಸಿನ ಶಾತ್ಲೇ ಥಿಯೇಟರಲ್ಲಿ ಶೋ ಮಾಡಿದ. ಆಗ ಪ್ಯಾರಿಸ್ಸಲ್ಲಿ ಬ್ಯಾಲೆ ಅಂದ್ರೆ ಹೆಂಗಸರ ಅಂದ ನೋಡೋ ಸಂಜೆ ಅನ್ನೋ ಸ್ಥಿತಿಗೆ ಬಂದಿತ್ತು, ಗಂಡು ಪಾತ್ರಗಳನ್ನೂ ಎಷ್ಟೋ ಸಲ ಹೆಂಗಸರೇ ಮಾಡ್ತಿದ್ರು. ಅಲ್ಲಿಗೆ ಹೋಗಿ ನಿಜಿನ್ಸ್ಕಿ ಅನ್ನೋ ಗಂಡು ಡ್ಯಾನ್ಸರ್ ಹಾರಿದ. ಫೋಕಿನ್ ಸಂಯೋಜನೆ ಮಾಡಿದ ಪೊಲೊವೆಟ್ಸಿಯನ್ ನೃತ್ಯದಲ್ಲಿ ಬಿಲ್ಲು ಹಿಡಿದ ಗಂಡಸರ ಗುಂಪು ನುಗ್ಗಿ ಬಂತು. ನೋಡ್ತಿದ್ದೋರಿಗೆ ಬೇರೇನೇ ಲೋಕ. ಮುಂದಿನ ವರ್ಷ ಸ್ಟ್ರಾವಿನ್ಸ್ಕಿ ಅನ್ನೋ ಇನ್ನೂ ಯಾರಿಗೂ ಗೊತ್ತಿಲ್ಲದ ಹುಡುಗನ ಕೈಲಿ ಫೈರ್‌ಬರ್ಡ್ ಬ್ಯಾಲೆಗೆ ಸಂಗೀತ ಬರೆಸಿದ, ಅದರ ಮುಂದಿನ ವರ್ಷ ಪೆಟ್ರುಷ್ಕಾ. ಪಿಕಾಸೊ ಪರದೆ ಬರೆದ, ಕೊಕೊ ಶನೆಲ್ ಬಟ್ಟೆ ಹೊಲಿಸಿದಳು. ಪಿಕಾಸೊ 1918ರಲ್ಲಿ ಮದುವೆ ಆಗಿದ್ದೂ ಈ ಕಂಪನಿಯ ಡ್ಯಾನ್ಸರ್ ಓಲ್ಗಾಳನ್ನೇ.

ಆದ್ರೆ ನನ್ನ ಮನಸ್ಸಲ್ಲಿ ಉಳಿದಿರೋದು ಬೇರೆ. ಡಿಯಾಗಿಲೆವ್ ಕಂಪನಿ ಹೆಸರು ಬ್ಯಾಲೆ ರೂಸ್, ಅಂದ್ರೆ ರಷ್ಯನ್ ಬ್ಯಾಲೆ, ಹೆಸರಲ್ಲೇ ರಷ್ಯಾ ಇದೆ, ಆದ್ರೆ ಆ ಕಂಪನಿ ರಷ್ಯಾದಲ್ಲಿ ಒಂದೇ ಒಂದು ಶೋ ಕೂಡ ಮಾಡಲಿಲ್ಲ. ಇಪ್ಪತ್ತು ವರ್ಷ ಸ್ವಂತ ಥಿಯೇಟರ್ ಇಲ್ಲ. ಮೊದಲನೇ ಮಹಾಯುದ್ಧ ಬಂತು, ಆಮೇಲೆ 1917ರ ಕ್ರಾಂತಿ ಬಂತು, ವಾಪಸ್ ಹೋಗೋ ದಾರಿ ಮುಚ್ಚೇ ಹೋಯ್ತು, ರಜೇಲಿ ಬಂದೋರು ಜೀವನ ಪೂರ್ತಿ ಟೂರಲ್ಲೇ ಉಳಿದುಬಿಟ್ರು. 1921ರಲ್ಲಿ ಲಂಡನ್ನಿನ ಅಲ್ಹಾಂಬ್ರಾ ಥಿಯೇಟರಲ್ಲಿ ಸ್ಲೀಪಿಂಗ್ ಪ್ರಿನ್ಸೆಸ್ ಅಂತ ದೊಡ್ಡ ಪ್ರೊಡಕ್ಷನ್ ಹಾಕಿ ಕೈ ಸುಟ್ಕೊಂಡಾಗ ಥಿಯೇಟರ್ ಕಡೆಯವರು ಪರದೆ, ಡ್ರೆಸ್ಸು ಎಲ್ಲ ಹಿಡಿದಿಟ್ಕೊಂಡ್ರು. ಇದನ್ನ ಅಪ್ಪನಿಗೆ ಫೋನಲ್ಲಿ ಓದಿ ಹೇಳಿದೆ, ಅವರು "ಸಾಲಕ್ಕೆ ಪರದೆ ಹೋಗೋದು ಎಲ್ಲಾ ಕಂಪನೀಲೂ ಇದ್ದಿದ್ದೇ" ಅಂತ ಅಂದು ಸುಮ್ಮನಾದ್ರು, ಅವರ ದನೀಲಿ ಬೇಜಾರಿತ್ತು, ಅವರಿಗೆ ಗೊತ್ತಿದ್ದ ಯಾರದೋ ನೆನಪಾಗಿರ್ಬೇಕು. 1929ರ ಆಗಸ್ಟಲ್ಲಿ ಡಿಯಾಗಿಲೆವ್ ವೆನಿಸ್ಸಲ್ಲಿ ತೀರ್ಕೊಂಡ. ಕಂಪನಿ ಅಲ್ಲಿಗೆ ಮುಗೀತು.

ಈಗ ನಿಜವಾಗ್ಲೂ ಬರೀಬೇಕು ಅಂತ ಕೂತಿದ್ದ ವಿಷಯಕ್ಕೆ ಬರ್ತೀನಿ.

1913ರ ಮೇ 29, ಪ್ಯಾರಿಸ್ಸಲ್ಲಿ ಹೊಸದಾಗಿ ಕಟ್ಟಿದ್ದ ಶಾಂಜೆಲೀಜೆ ಥಿಯೇಟರಲ್ಲಿ ದಿ ರೈಟ್ ಆಫ್ ಸ್ಪ್ರಿಂಗ್. ಸ್ಟ್ರಾವಿನ್ಸ್ಕಿ ಸಂಗೀತ, ನಿಜಿನ್ಸ್ಕಿ ನೃತ್ಯ ಸಂಯೋಜನೆ, ಹಳೇ ಕಾಲದ ರಷ್ಯನ್ ಹಳ್ಳಿ ಜನ ವಸಂತಕ್ಕೆ ಒಂದು ಹುಡುಗೀನ ಬಲಿ ಕೊಡೋ ಕತೆ, ಅವಳು ಕುಣಿದು ಕುಣಿದೇ ಸಾಯ್ತಾಳೆ. ಶೋ ಶುರುವಾದ ಸ್ವಲ್ಪ ಹೊತ್ತಿಗೆ ಜನ ಕೂಗಾಡೋಕೆ ಶುರು ಮಾಡಿದ್ರು, ಗಲಾಟೆ ಎಷ್ಟಾಯ್ತು ಅಂದ್ರೆ ಡ್ಯಾನ್ಸರುಗಳಿಗೆ ಆರ್ಕೆಸ್ಟ್ರಾ ಕೇಳಿಸದೆ ನಿಜಿನ್ಸ್ಕಿ ಸೈಡ್ ವಿಂಗಲ್ಲಿ ಕುರ್ಚಿ ಹತ್ತಿ ನಿಂತು ರಷ್ಯನ್ ಭಾಷೇಲಿ ಎಣಿಕೆ ಕೂಗಿ ಹೇಳಿದ. ಕೆಲವೇ ಶೋ ಆಗಿ ಆ ಸಂಯೋಜನೆ ನಿಂತೋಯ್ತು, ಯಾರೂ ಪೂರ್ತಿ ಬರೆದಿಟ್ಟಿರಲಿಲ್ಲ, ಕಳೆದೇ ಹೋಯ್ತು ಅಂದ್ಕೊಂಡಿದ್ರು. ಮಿಲಿಸೆಂಟ್ ಹಾಡ್ಸನ್ ಮತ್ತೆ ಕೆನ್ನೆತ್ ಆರ್ಚರ್ ಅನ್ನೋ ಇಬ್ಬರು ವರ್ಷಗಟ್ಟಲೆ ಹಳೇ ಸ್ಕೆಚ್ಚು, ನೆನಪು, ಡ್ರೆಸ್ಸು ಎಲ್ಲ ಹುಡುಕಿ ಜೋಡಿಸಿ 1987ರಲ್ಲಿ ಅಮೆರಿಕದ ಜಾಫ್ರಿ ಬ್ಯಾಲೆ ಕೈಲಿ ಮತ್ತೆ ಸ್ಟೇಜಿಗೆ ತಂದ್ರು. ಅದನ್ನೇ ನಾನು ಮೊಬೈಲಲ್ಲಿ ನೋಡಿದ್ದು, ಜುಲೈ ಮಳೇಲಿ, ಕರೆಂಟ್ ಹೋಗಿ ಎರಡನೇ ದಿನ, ಚಾರ್ಜ್ ಇಪ್ಪತ್ತು ಪರ್ಸೆಂಟ್ ಉಳಿದಿತ್ತು, ಬಿಟ್ಟು ಏಳೋಕಾಗಲಿಲ್ಲ.

ಯಾಕೆ ಅಂದ್ರೆ ಅದರಲ್ಲಿ ಬೆರಳ ತುದೀಲಿ ಯಾರೂ ನಿಲ್ಲಲ್ಲ. ಬ್ಯಾಲೆ ಅಂದ್ರೆ ಪಾದ ಹೊರಕ್ಕೆ ತಿರುಗಿರ್ಬೇಕು, ಮೈ ಮೇಲಕ್ಕೆ ಎಳೀಬೇಕು, ನೆಲಕ್ಕೂ ನನಗೂ ಸಂಬಂಧ ಇಲ್ಲ ಅನ್ನೋ ಹಾಗೆ ಹಗುರ ಇರ್ಬೇಕು. ಇಲ್ಲಿ ಪಾದ ಒಳಕ್ಕೆ, ಮಂಡಿ ಬಗ್ಗಿದೆ, ಬೆನ್ನು ಬಾಗಿದೆ, ಸುತ್ತು ಕಟ್ಕೊಂಡು ನೆಲ ತುಳೀತಾರೆ, ಎಷ್ಟೋ ಸಲ ನೋಡೋರ ಕಡೆ ಬೆನ್ನು. ಸುತ್ತಿನ ಒಳಗೆ ಸುತ್ತು. ನಾನು ಚಿಕ್ಕೋಳಿದ್ದಾಗ ಕೊಡವರ ಸುಗ್ಗಿ ಹಬ್ಬ ಪುತ್ತರಿ ಆದ್ಮೇಲೆ ಗೆಳತಿ ಮನೆಯವರ ಜೊತೆ, ಊರವರೆಲ್ಲ ಸೇರೋ ಬಯಲು ಮಂದ್‌ಗೆ ಹೋಗಿ ಹುಲ್ಲ ಮೇಲೆ ಕೂತು ನೋಡಿದ್ದೆಲ್ಲ ಒಂದೇ ಸಲ ನೆನಪಿಗೆ ಬಂತು, ದುಡಿ ಅನ್ನೋ ಪುಟ್ಟ ವಾದ್ಯದ ಸದ್ದು, ಕೊಡವರ ಉಡುಪು ಕುಪ್ಯ ಚೇಲೆ ತೊಟ್ಟ ಗಂಡಸರು ಕೈಲಿ ಚವರಿ, ಅಂದ್ರೆ ಚಾಮರ, ಹಿಡ್ಕೊಂಡು ಬೊಳಕಾಟ್ ಅನ್ನೋ ಸುತ್ತಿನ ನೃತ್ಯ ಆಡೋದು, ಬಗ್ಗಿ ಎದ್ದು ಬಗ್ಗಿ ಎದ್ದು ಸುತ್ತು ಬರೋದು, ಎಲ್ಲರ ಮುಖನೂ ಸುತ್ತಿನ ಒಳಕ್ಕೆ. ಹೊರಗೆ ಕೂತಿರೋ ನಮಗೋಸ್ಕರ ಅಲ್ಲ ಆ ಆಟ. ನಾನು ಕೊಡವಳಲ್ಲ, ಆ ಸುತ್ತಿನ ಒಳಗೆ ಯಾವತ್ತೂ ನಿಂತಿಲ್ಲ, ಆದ್ರೂ ಅಷ್ಟು ಚಿಕ್ಕ ವಯಸ್ಸಲ್ಲೇ ಅದು ತಿಳಿದಿತ್ತು, ಇದು ಯಾರಿಗೋ ತೋರಿಸ್ತಿರೋದಲ್ಲ ಅಂತ.

ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಬೊಳಕಾಟ್‌ಗೆ ಬಲಿ ಕತೆ ಇಲ್ಲ, ಅದರ ತಾಳ ಬೇರೆ, ಹಾಡು ಬೇರೆ, ಮನೆತನ ಊರು ದೇವರು ಎಲ್ಲ ಬೇರೆ. ನನಗೆ ಕಂಡಿದ್ದು ಇಷ್ಟು, ನಿಜಿನ್ಸ್ಕಿ ಸುತ್ತಿನ ಆಟ ಒಂದನ್ನ ಪ್ಯಾರಿಸ್ಸಿನ ಬೆಲೆಬಾಳೋ ಸೀಟುಗಳ ಮುಂದೆ ಇಟ್ಟ, ಆದ್ರೆ ಅದನ್ನ ಸೀಟುಗಳ ಕಡೆ ತಿರುಗಿಸಲಿಲ್ಲ. ಈಗ ಸ್ಕೂಲ್ ಡೇ, ಉತ್ಸವ, ಸರ್ಕಾರಿ ಕಾರ್ಯಕ್ರಮ ಎಲ್ಲೇ ಕೊಡವ ಹೆಣ್ಣುಮಕ್ಕಳ ನೃತ್ಯ ಉಮ್ಮತ್ತಾಟ್ ಹಾಕ್ಲಿ, ಮೊದಲ ಎರಡು ನಿಮಿಷ ದೀಪದ ಸುತ್ತ ಸುತ್ತು, ಆಮೇಲೆ ಸಾಲಾಗಿ ನಿಂತು ಮುಖ್ಯ ಅತಿಥಿಗಳ ಕಡೆ ಮುಖ. ಮಕ್ಕಳು ಎಷ್ಟು ಚೆನ್ನಾಗಿ ಮಾಡ್ತಾರೆ, ಕಣ್ಣು ತುಂಬಿ ಬರುತ್ತೆ, ಆದ್ರೂ ಆ ಸುತ್ತು ಒಡೆಯೋ ಕ್ಷಣದಲ್ಲಿ ನನಗೆ ಪ್ರತೀ ಸಲ ಒಳಗೆ ಏನೋ ಕಳಚಿದ ಹಾಗಾಗುತ್ತೆ. ಸ್ಟೇಜ್ ಅನ್ನೋದು ಸುತ್ತನ್ನ ಸಾಲು ಮಾಡುತ್ತೆ. ಅದನ್ನ ಮಾಡದೇ ಉಳಿಸಿಕೊಂಡಿದ್ದಕ್ಕೇ ಪ್ಯಾರಿಸ್ ಜನಕ್ಕೆ ಅಷ್ಟು ಸಿಟ್ಟು ಬಂದಿದ್ದಿರ್ಬೇಕು ಅಂತ ನನಗೆ ಅನ್ಸುತ್ತೆ.

ಆ ಬ್ಯಾಲೆಗೆ ಪರದೆ, ಡ್ರೆಸ್ಸು ಮಾಡಿದ್ದು, ಕತೆ ಕಟ್ಟೋಕೆ ಸ್ಟ್ರಾವಿನ್ಸ್ಕಿ ಜೊತೆ ಕೂತಿದ್ದು ಯಾರು ಗೊತ್ತಾ, ರಷ್ಯನ್ ಪೇಂಟರ್ ನಿಕೊಲಾಯ್ ರೋರಿಕ್. ಹೆಸರು ಎಲ್ಲೋ ಕೇಳಿದೀನಲ್ಲ ಅನ್ಸಿದ್ರೆ ಸರಿಯಾಗೇ ಅನ್ಸಿದೆ. ಅವರು ಕೊನೆಗೆ ಬಂದು ನೆಲೆ ನಿಂತಿದ್ದು ನಮ್ಮ ಹಿಮಾಲಯದ ಕುಲು ಕಣಿವೆ ನಗ್ಗರಲ್ಲಿ, 1947ರ ಡಿಸೆಂಬರಲ್ಲಿ ತೀರ್ಕೊಂಡಿದ್ದೂ ಅಲ್ಲೇ. ಅವರ ಮಗ ಸ್ವೆತೊಸ್ಲಾವ್ ರೋರಿಕ್ 1945ರಲ್ಲಿ ಸಿನಿಮಾ ನಟಿ ದೇವಿಕಾ ರಾಣಿನ ಮದುವೆಯಾಗಿ ಆಮೇಲೆ ಬೆಂಗಳೂರಿನ ಕನಕಪುರ ರೋಡಿನ ತಾತಗುಣಿ ಎಸ್ಟೇಟಲ್ಲಿ ಬದುಕಿದ್ರು. ಅಪ್ಪ ಮಗ ಇಬ್ಬರ ಪೇಂಟಿಂಗೂ ಚಿತ್ರಕಲಾ ಪರಿಷತ್ತಲ್ಲಿ ಇದೆ. ನಾನು ಡಿಗ್ರೀಲಿದ್ದಾಗ ಒಂದು ಟ್ರಿಪ್ಪಲ್ಲಿ ಆ ನೀಲಿ ನೀಲಿ ಬೆಟ್ಟಗಳ ಮುಂದೆ ಐದು ನಿಮಿಷ ನಿಂತು, ಕ್ಯಾಂಟೀನಿಗೆ ಹೋಗೋಣ ಬಾ ಅಂತ ಗೆಳತಿ ಕರೆದಳು ಅಂತ ಹೊರಟುಬಿಟ್ಟಿದ್ದೆ. ಅದೇ ಕೈ 1913ರ ಆ ರಾತ್ರಿಯ ಪರದೆ ಬರೆದ ಕೈ ಅಂತ ಆಗ ಯಾರೂ ಹೇಳಿರಲಿಲ್ಲ.

ಇನ್ನು ರಷ್ಯನ್ ಡ್ಯಾನ್ಸರ್ ಆನ್ನಾ ಪಾವ್ಲೊವಾ. 1909ರ ಆ ಮೊದಲ ಸೀಸನ್ನಲ್ಲಿ ಅವಳೂ ಇದ್ಳು, ಆದ್ರೆ ಡಿಯಾಗಿಲೆವ್ ಜೊತೆ ಉಳೀಲಿಲ್ಲ, ಲಂಡನ್ನಲ್ಲಿ ಮನೆ ಮಾಡ್ಕೊಂಡು ಸ್ವಂತ ಕಂಪನಿ ಕಟ್ಟಿದಳು. ಡಿಯಾಗಿಲೆವ್‌ಗೆ ಹೊಸದು ಬೇಕು, ದೊಡ್ಡ ಊರು ಬೇಕು. ಪಾವ್ಲೊವಾಗೆ ಎಲ್ಲಾ ಊರೂ ಬೇಕು. ಹಡಗು, ರೈಲು, ಏನು ಸಿಗುತ್ತೋ ಅದನ್ನ ಹತ್ತಿ ಅಮೆರಿಕ, ಜಪಾನ್, ಚೀನಾ, ಈಜಿಪ್ಟ್, ಆಸ್ಟ್ರೇಲಿಯಾ, ಬ್ಯಾಲೆ ಅನ್ನೋ ಪದನೇ ಕೇಳದ ಊರಲ್ಲೂ ಡೈಯಿಂಗ್ ಸ್ವಾನ್ ಆಡಿದಳು, ಎರಡು ಮೂರು ನಿಮಿಷದ ಒಂದು ಪುಟ್ಟ ನೃತ್ಯ, ಸಾಯ್ತಿರೋ ಹಂಸ. ಹೊಸತನ ಇಲ್ಲ, ಹಳೇ ರುಚಿ ಅಂತ ಅವಳನ್ನ ಆಡ್ಕೊಳ್ಳೋರು ಇದ್ದಾರೆ. ನನಗಂತೂ ಅವಳೇ ದೊಡ್ಡೋಳು ಅನ್ಸುತ್ತೆ. ಪ್ಯಾರಿಸ್ಸಲ್ಲಿ ಗಲಾಟೆ ಎಬ್ಬಿಸೋದು ಒಂದು ಕೆಲಸ, ಸಾವಿರಾರು ಮೈಲಿ ದೂರದ ಯಾವುದೋ ಊರಿನ ಒಂದು ಮಗು ಮನೆಗೆ ಹೋಗಿ ಕನ್ನಡಿ ಮುಂದೆ ಕೈ ಎತ್ತೋ ಹಾಗೆ ಮಾಡೋದು ಇನ್ನೊಂದು ಕೆಲಸ.

1922ರ ಕೊನೆಗೆ ಅವಳು ಭಾರತಕ್ಕೂ ಬಂದಳು. ಇಲ್ಲಿನ ನೃತ್ಯ ನೋಡ್ಬೇಕು ಅಂತ ಕೇಳಿದಳು, ತೋರಿಸೋಕೆ ದೊಡ್ಡ ಮನುಷ್ಯರು ಹಿಂದೆ ಮುಂದೆ ನೋಡಿದ್ರು, ಆ ಕಾಲದಲ್ಲಿ ಕುಣಿತ ಅಂದ್ರೆ ಮರ್ಯಾದಸ್ತರು ಮಾತಾಡೋ ವಿಷಯನೇ ಅಲ್ಲ. ಅವಳು ಅಜಂತಾ ನೋಡಿ, ಲಂಡನ್ನಿಗೆ ವಾಪಸ್ ಹೋಗಿ, ಅಲ್ಲಿ ಪೇಂಟಿಂಗ್ ಓದ್ತಿದ್ದ ಉದಯ ಶಂಕರ್ ಅನ್ನೋ ಹುಡುಗನ್ನ ಹಿಡಿದಳು. 1923ರಲ್ಲಿ ಕೊವೆಂಟ್ ಗಾರ್ಡನ್ನಲ್ಲಿ ಅವನು ಕೃಷ್ಣ, ಅವಳು ರಾಧೆ. ಅವನಿಗೆ ಬ್ಯಾಲೆ ಕಲೀಬೇಕು ಅಂತ ಆಸೆ ಇತ್ತಂತೆ, ನಿನ್ನ ದೇಶದ್ದನ್ನ ಕಲಿ ಅಂತ ಅವಳೇ ತಡೆದಳಂತೆ. ಆ ಉದಯ ಶಂಕರ್ ಮುಂದೆ ಸ್ವಂತ ಕಂಪನಿ ಕಟ್ಟಿ, ಹತ್ತು ವರ್ಷದ ತಮ್ಮ ರವಿಶಂಕರನ್ನೂ ಪ್ಯಾರಿಸ್ಸಿಗೆ ಕರ್ಕೊಂಡು ಹೋಗಿ ಯೂರೋಪು ಅಮೆರಿಕ ಸುತ್ತಿದ್ರು, ಅಲ್ಮೋರಾದಲ್ಲಿ ಶಾಲೆ ತೆರೆದ್ರು, ಆ ಶಾಲೇಲಿ ಕಲಿತೋರಲ್ಲಿ ಬೆಂಗಳೂರಲ್ಲಿ ಹುಟ್ಟಿದ, ಮುಂದೆ ಸಿನಿಮಾದಲ್ಲಿ ಹೆಸರಾದ ಗುರುದತ್ ಒಬ್ಬರು. ಎಲ್ಲಿಂದ ಎಲ್ಲಿಗೆ ನೋಡಿ.

1920ರ ದಶಕದ ಕೊನೆಗೆ ಪಾವ್ಲೊವಾ ಆಸ್ಟ್ರೇಲಿಯಾಕ್ಕೆ ಹೋಗೋ ಹಡಗಲ್ಲಿ ಮದ್ರಾಸಿನ ರುಕ್ಮಿಣಿ ದೇವಿ ಅರುಂಡೇಲ್ ಕೂಡ ಇದ್ರು. ಇಬ್ಬರಿಗೂ ಸ್ನೇಹ ಆಯ್ತು, ರುಕ್ಮಿಣಿ ದೇವಿ ಪಾವ್ಲೊವಾ ಕಂಪನಿಯ ಕ್ಲಿಯೊ ನಾರ್ಡಿ ಹತ್ರ ಬ್ಯಾಲೆ ಪಾಠ ಶುರು ಮಾಡಿದ್ರು, ಅವರಿಗೂ ಪಾವ್ಲೊವಾ ಅದೇ ಮಾತು ಹೇಳಿದಳು, ನಿಮ್ಮ ನಾಡಿನ ನೃತ್ಯದಲ್ಲಿ ಹುಡುಕಿ ಅಂತ. ಆಮೇಲಿನದು ಎಲ್ಲರಿಗೂ ಗೊತ್ತಿರೋದು, ಪಂದನಲ್ಲೂರಿನ ಮೀನಾಕ್ಷಿ ಸುಂದರಂ ಪಿಳ್ಳೈ ಹತ್ರ ಭರತನಾಟ್ಯ ಕಲಿತಿದ್ದು, 1935ರಲ್ಲಿ ಅಡ್ಯಾರಲ್ಲಿ ಜನರ ಮುಂದೆ ಆಡಿದ್ದು, 1936ರಲ್ಲಿ ಕಲಾಕ್ಷೇತ್ರ ಅನ್ನೋ ಶಾಲೆ ಕಟ್ಟಿದ್ದು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಭರತನಾಟ್ಯ ಉಳಿಸಿದ್ದು ಪಾವ್ಲೊವಾ ಅಂತ ಕೆಲವರು ಬರೀತಾರೆ, ಅದು ಸರಿ ಇಲ್ಲ. ಅದನ್ನ ನೂರಾರು ವರ್ಷ ಮೈಯಲ್ಲಿ ಇಟ್ಕೊಂಡು ಬಂದಿದ್ದು ದೇವದಾಸಿ ಮನೆತನದ ಹೆಣ್ಣುಮಕ್ಕಳು, ಅವರಿಗೆ ಕಲಿಸಿದ ನಟುವನಾರ್‌ಗಳು. ಆ ಮನೆತನದವರೇ ಆದ ಬಾಲಸರಸ್ವತಿ ಇದ್ರು. ನಮ್ಮ ಮೈಸೂರಲ್ಲಿ ಜಟ್ಟಿ ತಾಯಮ್ಮ, ಅವರ ಶಿಷ್ಯೆ ವೆಂಕಟಲಕ್ಷ್ಮಮ್ಮ ಅರಮನೇಲಿ ಅಭಿನಯ ಮಾಡ್ತಾನೇ ಇದ್ರು, ಯಾವ ರಷ್ಯನ್ನರೂ ಬಂದು ಹೇಳ್ಬೇಕಿರಲಿಲ್ಲ. ಪಾವ್ಲೊವಾ ಬದಲಾಯಿಸಿದ್ದು ನೃತ್ಯನ ಅಲ್ಲ, ಕುಣಿಯೋದು ಅಂದ್ರೆ ಮೂಗು ಮುರೀತಿದ್ದ ಓದಿದ ಜನರ ಕಣ್ಣನ್ನ. ಹೊರಗಿನೋಳು ಒಬ್ಬಳು ಕೈ ಮುಗಿದಾಗಲೇ ನಮ್ಮೋರಿಗೆ ನಮ್ಮದು ಕಂಡಿದ್ದು. ಅದರಲ್ಲಿ ಖುಷಿನೂ ಇದೆ, ನೋವೂ ಇದೆ, ಯಾಕಂದ್ರೆ ಆ ಗೌರವ ಬಂದಾಗ ಅದು ಮೊದಲಿಂದ ಕುಣೀತಿದ್ದ ಹೆಣ್ಣುಮಕ್ಕಳ ಮನೆಗೆ ಹೋಗಲಿಲ್ಲ.

ಬೆಂಗಳೂರಲ್ಲಿ ಹುಟ್ಟಿದ ಡ್ಯಾನ್ಸರ್ ರಾಮ್ ಗೋಪಾಲ್ ಹೆಸರೂ ಇಲ್ಲೇ ಬರುತ್ತೆ. ಅವರನ್ನ ಭಾರತದ ನಿಜಿನ್ಸ್ಕಿ ಅಂತ ಕರೀತಿದ್ರು. 1960ರಲ್ಲಿ ಅವರು ರಾಧಾ ಕೃಷ್ಣ ಆಡಿದ್ದು ಅಲಿಸಿಯಾ ಮಾರ್ಕೊವಾ ಜೊತೆ, ಹದಿನಾಲ್ಕನೇ ವಯಸ್ಸಿಗೇ ಡಿಯಾಗಿಲೆವ್ ಕಂಪನಿ ಸೇರಿದ್ದ ಹುಡುಗಿ ಅವಳು. ಮಾರ್ಕೊವಾ ಅಂದ್ರೆ ರಷ್ಯನ್ ಅಂದ್ಕೋಬೇಡಿ, ಲಂಡನ್ನಿನ ಲಿಲಿಯನ್ ಅಲಿಸಿಯಾ ಮಾರ್ಕ್ಸ್. ರಷ್ಯನ್ ಹೆಸರಿಲ್ಲದೆ ಬ್ಯಾಲೇಲಿ ಬೆಲೆ ಇಲ್ಲ ಅನ್ನೋ ಕಾಲ. ಹಿಲ್ಡಾ ಮನಿಂಗ್ಸ್ ಅನ್ನೋಳು ಲಿಡಿಯಾ ಸೊಕೊಲೊವಾ ಆದಳು.

ಈ ಹೆಸರಿನ ವಿಷಯ ಓದ್ತಾ ಓದ್ತಾ ಮರಿಯಾ ಟಾಲ್‌ಚೀಫ್ ಸಿಕ್ಕಿದಳು, ನನಗೆ ತುಂಬಾ ಹಿಡಿಸಿದಳು. ಡಿಯಾಗಿಲೆವ್ ಹೋದ ಮೇಲೆ 1932ರಲ್ಲಿ ಕರ್ನಲ್ ಡೆ ಬಾಸಿಲ್ ಮತ್ತೆ ರೆನೆ ಬ್ಲಮ್ ಸೇರಿ ಮಾಂಟೆ ಕಾರ್ಲೊದಲ್ಲಿ ಕಂಪನೀನ ಮತ್ತೆ ಕಟ್ಟಿದ್ರು, ಆಮೇಲೆ ಜಗಳ ಆಗಿ 1938ರ ಹೊತ್ತಿಗೆ ಎರಡು ಕಂಪನಿ, ಹೆಸರಿಗಾಗಿ ಕೋರ್ಟು ಕಚೇರಿ. ರೆನೆ ಬ್ಲಮ್ ಯಹೂದಿ, ನಾಜಿಗಳು ಹಿಡ್ಕೊಂಡು ಹೋಗಿ ಆಶ್ವಿಟ್ಸ್ ಅನ್ನೋ ಸಾವಿನ ಕ್ಯಾಂಪಲ್ಲಿ ಕೊಂದ್ರು. ಯುದ್ಧದ ಕಾಲಕ್ಕೆ ಒಂದು ಕಂಪನಿ ಅಮೆರಿಕಾನೇ ಮನೆ ಮಾಡ್ಕೊಂಡು ರೈಲಲ್ಲಿ ರಾತ್ರಿಯೆಲ್ಲ ಹೋಗೋದು, ಸಂಜೆ ಶೋ, ಮತ್ತೆ ರೈಲು, ಹೀಗೆ 1962ರವರೆಗೂ ಊರೂರು ಸುತ್ತಿತು. ಆ ಕಂಪನಿಗೆ 1942ರಲ್ಲಿ ಸೇರಿದೋಳು ಟಾಲ್‌ಚೀಫ್, ಒಕ್ಲಹೋಮಾದ ಓಸೇಜ್ ಅನ್ನೋ ಮೂಲನಿವಾಸಿ ಜನಾಂಗದ ಹುಡುಗಿ. ಟಾಲ್‌ಚೀವಾ ಅಂತ ಮಾಡ್ಕೋ ಅಂದ್ರು. ಆಗಲ್ಲ ಅಂದಳು. ಅದೇ ಹೆಸರಲ್ಲಿ 1949ರಲ್ಲಿ ನ್ಯೂಯಾರ್ಕಲ್ಲಿ, ಹಿಂದೆ ಡಿಯಾಗಿಲೆವ್ ಹತ್ರ ನೃತ್ಯ ಸಂಯೋಜನೆ ಮಾಡ್ತಿದ್ದ ಬಾಲಂಚೀನ್ ಮಾಡಿದ ಫೈರ್‌ಬರ್ಡ್ ಆಡಿ ಅಮೆರಿಕದ ದೊಡ್ಡ ಬ್ಯಾಲೆರಿನಾ ಆದಳು. ಅದೇ ಕಂಪನಿಗೆ 1955ರಲ್ಲಿ ರೇವನ್ ವಿಲ್ಕಿನ್ಸನ್ ಅನ್ನೋ ಕಪ್ಪು ಹುಡುಗಿ ಸೇರಿದಳು, ಅವಳ ಮೈಬಣ್ಣ ತೆಳು, ಅಮೆರಿಕದ ದಕ್ಷಿಣದ ಊರುಗಳಲ್ಲಿ ಬಾಯಿಬಿಡದೆ ಇದ್ರೆ ನಡೀತಿತ್ತು, ಆದ್ರೆ ಹೋಟೆಲಲ್ಲಿ ನೇರ ಕೇಳಿದಾಗ ಅವಳು ಸುಳ್ಳು ಹೇಳಲಿಲ್ಲ, ಹೋಟೆಲ್ ಬಿಡ್ಬೇಕಾಯ್ತು, ಕೆಲವು ಊರಲ್ಲಿ ಆಡೋಕೇ ಆಗಲಿಲ್ಲ.

ಕಂಪನಿ ಸುತ್ತಿದ ದಾರಿ ಉದ್ದಕ್ಕೂ ಒಬ್ಬೊಬ್ಬರು ಇಳ್ಕೊಂಡ್ರು, ವಯಸ್ಸಾಗಿ, ಕಾಲು ನೋವಾಗಿ, ಮದುವೆಯಾಗಿ, ಯುದ್ಧ ಬಂದು. ಇಳಿದ ಊರಲ್ಲೇ ಒಂದು ರೂಮು, ಒಂದು ಪಿಯಾನೊ, ಹತ್ತು ಮಕ್ಕಳು. ಬಾಲಂಚೀನ್ ನ್ಯೂಯಾರ್ಕಲ್ಲಿ 1934ರಲ್ಲಿ ಸ್ಕೂಲು ಶುರು ಮಾಡಿದ, ಅದರಿಂದ ನ್ಯೂಯಾರ್ಕ್ ಸಿಟಿ ಬ್ಯಾಲೆ. ಡಿಯಾಗಿಲೆವ್ ಹತ್ರ ಎರಡು ವರ್ಷ ಇದ್ದ ಐರಿಷ್ ಹೆಂಗಸು ನಿನೆಟ್ ಡೆ ವಾಲ್ವಾ 1931ರಲ್ಲಿ ಲಂಡನ್ನಲ್ಲಿ ಕಟ್ಟಿದ್ದೇ ಇವತ್ತಿನ ರಾಯಲ್ ಬ್ಯಾಲೆ. ಬೊರೊವಾನ್ಸ್ಕಿ ಅನ್ನೋ ಡ್ಯಾನ್ಸರ್ ಟೂರಿಗೆ ಅಂತ ಆಸ್ಟ್ರೇಲಿಯಾಕ್ಕೆ ಹೋಗಿ ಮೆಲ್ಬೋರ್ನಲ್ಲೇ ಉಳಿದ, ಅವನು ಬೆಳೆಸಿದ ಡ್ಯಾನ್ಸರುಗಳಿಂದಲೇ 1962ರಲ್ಲಿ ಆಸ್ಟ್ರೇಲಿಯನ್ ಬ್ಯಾಲೆ ಶುರುವಾಯ್ತು. ಗುಬ್ಬಿ ಕಂಪನಿ ಹೀಗೇ ಅಲ್ವಾ, ರಾಜ್‌ಕುಮಾರ್, ನರಸಿಂಹರಾಜು, ಬಿ.ವಿ. ಕಾರಂತ್, ಎಲ್ಲರೂ ಆ ಡೇರೇಲಿ ಇದ್ದು ಬಂದೋರು.

ಸೋವಿಯತ್ ಕಾಲದ ಟೂರುಗಳ ಬಗ್ಗೆ ಜಾಸ್ತಿ ಬರೆಯಲ್ಲ, ಅದು ಸರ್ಕಾರ ಕಳಿಸಿದ್ದು, ಅದರ ರುಚಿ ಬೇರೆ. 1956ರಲ್ಲಿ ಮಾಸ್ಕೋದ ಬೊಲ್ಶೊಯ್ ಬ್ಯಾಲೆ ಲಂಡನ್ನಿಗೆ ಬಂದಾಗ 46 ವರ್ಷದ ಗಲೀನಾ ಉಲಾನೊವಾ ಹದಿಹರೆಯದ ಜೂಲಿಯೆಟ್ ಆಡಿ ಎಲ್ಲರನ್ನೂ ಅಳಿಸಿದಳು, 1961ರ ಜೂನಲ್ಲಿ ಪ್ಯಾರಿಸ್ ಏರ್‌ಪೋರ್ಟಲ್ಲಿ ಸೋವಿಯತ್ ಡ್ಯಾನ್ಸರ್ ನುರಿಯೆವ್ ದೇಶಕ್ಕೆ ವಾಪಸ್ ಹೋಗಲ್ಲ ಅಂತ ನಿಂತುಬಿಟ್ಟ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಲಂಡನ್ನಿನ ರಾಯಲ್ ಒಪೆರಾ ಹೌಸ್ ಬೊಲ್ಶೊಯ್‌ನ ಆ ವರ್ಷದ ಸೀಸನ್ ಕ್ಯಾನ್ಸಲ್ ಮಾಡಿತು. ನನ್ನ ಬೈಂಡ್ ಮೇಲಿದ್ದ ಹುಡುಗೀನೂ ಹೀಗೆ ಸರ್ಕಾರ ಕಳಿಸಿದ ಚಿತ್ರವೇ. ಆದ್ರೂ ನನಗೆ ಅವಳ ಮೇಲೆ ಪ್ರೀತಿ ಕಮ್ಮಿ ಆಗಿಲ್ಲ.

ಮೊನ್ನೆ ಕ್ಲಾಸಿನ ಹೊರಗೆ ಕೂತಿದ್ದೆ, ಒಳಗೆ ಟೀಚರ್ ತಟ್ಟುಕೋಲು ಬಡೀತಾ ತೈಯುಂ ದತ್ತ ತೈಯುಂ ತಾ ಹೇಳಿಸ್ತಿದ್ರು, ಮಗಳ ಕಾಲು ತಾಳ ತಪ್ಪಿದ್ದು ಹೊರಗೇ ಕೇಳಿಸ್ತು, ಮತ್ತೆ ಮೊದಲಿಂದ. ಟೀಚರ್ ಕೂಡ ಹೊರಗಿಂದ ಬಂದೋರು, ಮದುವೆಯಾಗಿ ಮಡಿಕೇರಿಗೆ ಬಂದು, ಮನೆ ಮುಂದಿನ ಶೀಟ್ ಹಾಕಿದ ರೂಮಲ್ಲಿ ಹದಿನಾಲ್ಕು ಮಕ್ಕಳಿಗೆ ಕಲಿಸ್ತಾರೆ, ಮಳೆ ಜೋರಾದ್ರೆ ಶೀಟ್ ಸದ್ದಿಗೆ ಏನೂ ಕೇಳಿಸಲ್ಲ, ಆಗ ಅವರು ಬೆರಳಲ್ಲೇ ಎಣಿಕೆ ತೋರಿಸ್ತಾರೆ.

ಕಾಫಿ ಕುಯ್ಲು ಮುಗಿದ ಮೇಲೆ ಮಗಳನ್ನ ಕರ್ಕೊಂಡು ಬೆಂಗಳೂರಿಗೆ ಹೋಗ್ತೀನಿ, ಬೆಳಗಿನ ಮೊದಲ ಬಸ್ಸಿಗೆ, ಚಿತ್ರಕಲಾ ಪರಿಷತ್ತಿಗೆ. ಅಪ್ಪನೂ ಬರ್ತೀನಿ ಅಂದಿದ್ದಾರೆ, ಪರದೆ ಬರೆದೋರ ಕೈ ನೋಡ್ಬೇಕಂತೆ. ಈ ಸಲ ಆ ನೀಲಿ ಬೆಟ್ಟಗಳ ಮುಂದೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಲ್ತೀವಿ. ಇನ್ನೊಂದು, ನಿಮ್ಮ ಮನೆ ಅಟ್ಟದ ಮೇಲೆ ಎಂಬತ್ತರ ದಶಕದ ಸೋವಿಯತ್ ಲ್ಯಾಂಡ್ ಕಟ್ಟು ಏನಾದ್ರೂ ಇದ್ರೆ ದಯವಿಟ್ಟು ಗುಜರಿಗೆ ಹಾಕ್ಬೇಡಿ, ನನಗೆ ತಿಳಿಸಿ, ಬಿಳೀ ಫ್ರಾಕು, ಒಂದು ಕಾಲು, ಕೈ ಹಿಂದಕ್ಕೆ, ಪೂರ್ತಿ ಪೇಜಿನ ಫೋಟೊ.